ಐದು ವೋಲ್ಟಿನ ಪೆಡಲ್ ಮಾಡಿದವರ ಪಾದಾರವಿಂದಗಳಿಗೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನೆಲೆಸಿ ನಾಡಿನ ಅಡುಗೆಮನೆಗಳನ್ನು ಉದ್ಧರಿಸುತ್ತಿರುವ ಸೌಖ್ಯಪ್ರದ ಪವರ್ ಕಂಟ್ರೋಲ್ಸ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಿಗೆ, ಚಂದಾಪುರದ ಹಿಟ್ಟಿನ ಶೆಡ್ಡಿನಿಂದ ಲಾವಣ್ಯ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಈ ಪತ್ರ ತಲುಪುವ ಹೊತ್ತಿಗೆ ತಾವೂ ತಮ್ಮ ಕುಟುಂಬವೂ ತಮ್ಮ ಮಾರಾಟ ವಿಭಾಗವೂ, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಎರಡೂ ಪಾದಗಳೂ, ಕ್ಷೇಮವಾಗಿರುತ್ತವೆಂದು ನಂಬಿದ್ದೇನೆ. ಲಕೋಟೆಯಲ್ಲಿ ಮುಚ್ಚಿ ಕಳಿಸಬೇಕಾದ್ದನ್ನು ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಫೋನು ಮಾಡಿದಾಗಲೆಲ್ಲ ತಮ್ಮ ಕಚೇರಿಯವರು ಒಂದು ವೀಣೆಯ ತುಣುಕನ್ನು ಕೇಳಿಸಿ, ನಮ್ಮ ಕರೆ ತಮಗೆ ಬಹಳ ಅಮೂಲ್ಯವೆಂದು ತಿಳಿಸಿ, ಮತ್ತೆ ವೀಣೆಗೆ ಮರಳುತ್ತಿದ್ದರು. ಆ ತುಣುಕು ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ಸಂಗೀತದ ಗಂಧವೇ ಇಲ್ಲದ ಕುಟುಂಬಕ್ಕೆ ತಾವು ಮಾಡಿದ ಈ ಮೊದಲ ಉಪಕಾರವನ್ನು ಸ್ಮರಿಸಿಯೇ ಮುಂದಿನ ಉಪಕಾರಗಳಿಗೆ ಬರುತ್ತೇನೆ.

ತಮ್ಮ ಅಸಂಖ್ಯ ಗ್ರಾಹಕರ ನಡುವೆ ನಾವು ಯಾರೆಂದು ತಮಗೆ ನೆನಪಿರಲಾರದು. ನಾನು ಮತ್ತು ನನ್ನ ಅತ್ತೆ ಅಂಜಿನಮ್ಮ ದೋಸೆ ಹಿಟ್ಟು ರುಬ್ಬಿ ಮಾರುವವರು. ಅತ್ತೆ ಮದುವೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಬಾಡಿಗೆ ಮನೆಗಳು ನಿಂತಿವೆ. ಬಾಡಿಗೆಗಿದ್ದ ಫ್ಯಾಕ್ಟರಿ ಹುಡುಗಿಯರು ಕೇಳಿದರೆಂದು ಅತ್ತೆ ಒಂದು ಪಾತ್ರೆ ಹಿಟ್ಟು ಹೆಚ್ಚಿಗೆ ರುಬ್ಬಿದ್ದೇ ನಮ್ಮ ಉದ್ಯಮದ ಶಂಕುಸ್ಥಾಪನೆ. ಇವತ್ತು ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ದೋಸೆ ನಮ್ಮ ಹಿತ್ತಲ ಶೆಡ್ಡಿನಿಂದ ಹೋದ ಹಿಟ್ಟಿನಿಂದಲೇ ಏಳುತ್ತದೆ. ಅಲ್ಲಿರುವುದು ಹೋಟೆಲಿನವರು ಇಟ್ಟುಕೊಳ್ಳುವಂಥ ದೊಡ್ಡ ಗ್ರೈಂಡರು. ಅತ್ತೆ ಅದರ ಮುಂದೆ ಬರಿಗಾಲಲ್ಲಿ ನಿಂತು, ಎರಡೂ ಕೈಯನ್ನು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು, ಬೆರಳಿನಲ್ಲೇ ಹದ ನೋಡುವವರು. ಹದ ಬಂದ ಕೂಡಲೇ ಯಂತ್ರ ನಿಲ್ಲಬೇಕು, ಇಲ್ಲದಿದ್ದರೆ ಹಿಟ್ಟು ಬಿಸಿಯೇರುತ್ತದೆ. ಹಾಗಾಗಿ ಹಿಟ್ಟಿನ ಕೈಯಲ್ಲೇ ಗೋಡೆಯ ಸ್ವಿಚ್ಚು ಒತ್ತುವುದು ಅವರ ಅಭ್ಯಾಸ. ಒದ್ದೆ ಕೈಗೂ ಕರೆಂಟಿಗೂ ದೂರದ ನೆಂಟಸ್ತಿಕೆಯೂ ಬೇಡವೆಂಬ ಒಂದೇ ಕಾರಣಕ್ಕೆ ನಾವು ತಮ್ಮನ್ನು ಹುಡುಕಿಕೊಂಡು ಬಂದೆವು.

ಕಳೆದ ಶ್ರಾವಣದಲ್ಲಿ ಪೀಣ್ಯದ ತಮ್ಮ ಮಳಿಗೆಯಲ್ಲಿ ತಾವೇ ಖುದ್ದಾಗಿ ನಡೆಸಿಕೊಟ್ಟ ಪ್ರದರ್ಶನವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ‘ರುಬ್ಬುಸಖಿ’ ಎಂಬ ಮುದ್ದಾದ ಹೆಸರಿನ ಒಂದು ಪೆಟ್ಟಿಗೆ. ಅದರ ಎರಡು ಕಡ್ಡಿಯ ಪ್ಲಗ್ಗು ಗೋಡೆಗೆ, ಗ್ರೈಂಡರಿನ ಪ್ಲಗ್ಗು ಪೆಟ್ಟಿಗೆಗೆ. ಪೆಟ್ಟಿಗೆಯಿಂದ ಹೊರಟ ಉದ್ದನೆಯ ವೈರಿನ ತುದಿಯಲ್ಲಿ ನೆಲದ ಮೇಲೆ ಮಲಗಿದ ಥಳಥಳಿಸುವ ಲೋಹದ ಪೆಡಲು. ಕಾಲಲ್ಲಿ ಒತ್ತಿದರೆ ಗ್ರೈಂಡರು ತಿರುಗುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ತಾವು ಬೂಟು ಕಳಚಿ, ಪ್ಯಾಂಟು ಮಡಿಸಿ, ಒಂದು ಚೊಂಬು ನೀರನ್ನು ಸಿಮೆಂಟು ನೆಲದ ಮೇಲೆ ಸುರಿದು, ಆ ನೀರಿನಲ್ಲೇ ನಿಂತು ಒದ್ದೆ ಕಾಲಿನಿಂದ ಪೆಡಲು ಒತ್ತಿದಿರಿ. ಯಂತ್ರ ತಿರುಗಿತು, ತಾವು ನಕ್ಕಿರಿ. ಅತ್ತೆ ಹೆದರಿ ಹಿಂದೆ ಸರಿದಾಗ ತಾವು ಹೇಳಿದ ಮಾತು ಹೀಗಿತ್ತು: “ಇದರಲ್ಲಿರೋದು ಬರೀ ಐದು ವೋಲ್ಟು ಅಮ್ಮ. ಟಿವಿ ರಿಮೋಟಿನ ಸೆಲ್ಲಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಮಗು ಬೇಕಾದ್ರೂ ಮುಟ್ಟಬಹುದು.”

ಒಬ್ಬ ನಿರ್ದೇಶಕರು ಗ್ರಾಹಕರಿಗಾಗಿ ಬೂಟು ಕಳಚುವುದನ್ನು ನಾವು ಅದೇ ಮೊದಲು ನೋಡಿದ್ದು. ಪೆಟ್ಟಿಗೆ ಅವತ್ತೇ ನಮ್ಮ ಜೊತೆ ಬಸ್ಸು ಹತ್ತಿತು.

ಮಳೆಗಾಲ ಮುಗಿಯುವವರೆಗೂ ರುಬ್ಬುಸಖಿ ನಮ್ಮೊಂದಿಗೆ ಚೆನ್ನಾಗಿಯೇ ಬಾಳಿತು. ಅತ್ತೆ ಗೋಡೆಯ ಸ್ವಿಚ್ಚನ್ನು ಮರೆತೇ ಬಿಟ್ಟರು. ಕಾಲಿನಿಂದ ಯಂತ್ರ ಓಡಿಸುವ ಹೊಸ ವಿದ್ಯೆಯನ್ನು ಓಣಿಯವರಿಗೆಲ್ಲ ಕರೆದು ತೋರಿಸಿದರು. ಚಳಿ ಶುರುವಾದ ಮೇಲೆ ಪೆಟ್ಟಿಗೆಗೆ ಬೆಳಗಿನ ಹೊತ್ತು ಎದ್ದೇಳಲು ಮನಸ್ಸಾಗದಾಯಿತು. ಪೆಡಲು ಒತ್ತಿದರೆ ಗ್ರೈಂಡರು ಹುಲಿಯ ಹಾಗೆ ಗುರುಗುಟ್ಟುತ್ತಿತ್ತು, ಆದರೆ ಕಲ್ಲು ತಿರುಗುತ್ತಿರಲಿಲ್ಲ. ತಿರುಗಿದರೂ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಿಣುಕುತ್ತಿತ್ತು. ಮೋಟಾರು ಕೈಯಿಡಲಾಗದಷ್ಟು ಕಾಯುತ್ತಿತ್ತು. ಬಿಸಿಲೇರಿದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ಆದರೆ ಮಾನ್ಯರೇ, ಬಿಸಿಲೇರಿದ ಮೇಲೆ ದೋಸೆ ಹಿಟ್ಟು ಯಾರಿಗೆ ಬೇಕು?

ದೂರು ಕೊಟ್ಟೆವು, ವೀಣೆ ಕೇಳಿದೆವು, ಕೊನೆಗೆ ತಮ್ಮ ಸರ್ವಿಸ್ ವಿಭಾಗದ ರಾಮಾಂಜಿನಪ್ಪನವರು ಬಂದರು. ಸೌಮ್ಯ ಸ್ವಭಾವದ ಮನುಷ್ಯ, ಕಾಫಿ ಕೊಟ್ಟರೆ ಎರಡು ಕೈಯಲ್ಲಿ ತೆಗೆದುಕೊಳ್ಳುವವರು. ಪೆಟ್ಟಿಗೆ ಬಿಚ್ಚಿ, ಮೂರು ಕಾಲಿನ ಒಂದು ಕರಿ ಚೂರನ್ನು ತೋರಿಸಿ, ಇದರ ಹೆಸರು ಟ್ರಯಾಕ್ ಎಂದೂ, ಮೋಟಾರಿಗೆ ಹೋಗುವ ಕರೆಂಟಿಗೆ ಇದೇ ಬಾಗಿಲು ಕಾಯುವವನೆಂದೂ ಪರಿಚಯ ಮಾಡಿಸಿದರು. ಹಳೆಯ ಕಾವಲುಗಾರನನ್ನು ತೆಗೆದು ಹೊಸಬನನ್ನು ಬೆಸೆದರು. ಮರುದಿನ ಬೆಳಿಗ್ಗೆ ಹೊಸಬನೂ ಗುರುಗುಟ್ಟಿದ. ಮತ್ತೆ ಬಂದರು, ಮತ್ತೊಬ್ಬನನ್ನು ನೇಮಿಸಿದರು, ಅವನೂ ಅದೇ ಜಾತಿಯವನಾದ. ತಮ್ಮ ಕಚೇರಿಯಲ್ಲಿ ವಿಚಾರಿಸಿದಾಗ ಬಂದ ಉತ್ತರವನ್ನು ಇಲ್ಲಿ ದಾಖಲಿಸದಿದ್ದರೆ ವಿಜ್ಞಾನಕ್ಕೆ ದ್ರೋಹವಾಗುತ್ತದೆ: ಕರೆಂಟು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹರಿಯುತ್ತದಂತೆ, ಚಂದಾಪುರದ ಕರೆಂಟಿನಲ್ಲಿ ಈ ಕಡೆ ಹರಿಯುವ ಅರ್ಧಭಾಗ ಸ್ವಲ್ಪ ಸೊರಗಿದೆಯಂತೆ, ಆದ್ದರಿಂದ ದೋಷ ಪೆಟ್ಟಿಗೆಯದಲ್ಲ, ನಮ್ಮ ಊರಿನದಂತೆ. ತಮ್ಮ ಮಾತಿನ ಮೇಲಿನ ಗೌರವದಿಂದ ನಾನು ಅಂದೇ ಒಂದು ಮನವಿಯನ್ನು ಮನಸ್ಸಿನಲ್ಲೇ ರಚಿಸಿದೆ. ತಾವು ದಯಮಾಡಿ ವಿದ್ಯುತ್ ಸರಬರಾಜಿನವರೊಂದಿಗೆ ಮಾತನಾಡಿ, ನಾಡಿನ ಎಲ್ಲ ತಂತಿಗಳಲ್ಲೂ ಆ ಕಡೆ ಹೋಗುವ ಪುಷ್ಟವಾದ ಅರ್ಧವನ್ನು ಮಾತ್ರ ಉಳಿಸಿಕೊಂಡು, ಈ ಕಡೆ ಬರುವ ಸೊರಗಿದ ಅರ್ಧವನ್ನು ಕರೆಂಟು ಹುಟ್ಟುವ ಜಲಪಾತದಲ್ಲೇ ತಡೆಹಿಡಿಯುವಂತೆ ವ್ಯವಸ್ಥೆ ಮಾಡಿಸಬೇಕು. ಅದಾಗದಿದ್ದರೆ ಮಾರ್ಗಶಿರದ ಚಳಿಯನ್ನಾದರೂ ಮಧ್ಯಾಹ್ನಕ್ಕೆ ವರ್ಗಾಯಿಸಬೇಕು.

ಮೂರನೆಯ ಸಲ ಬಂದಾಗ ರಾಮಾಂಜಿನಪ್ಪನವರಿಗೆ ತೋಚಲಿಲ್ಲ. ಕಚೇರಿಗೆ ಫೋನು ಮಾಡಿದರು. ಅಲ್ಲಿಂದ ಯಾರೋ ಸಲಹೆ ಕೊಟ್ಟರು. ಅದರಂತೆ ಅವರು ಗೋಡೆಯಿಂದ ಎರಡು ಕಡ್ಡಿಯ ಪ್ಲಗ್ಗನ್ನು ಕಿತ್ತು, ಅದನ್ನು ತಲೆಕೆಳಗು ಮಾಡಿ, ಮತ್ತೆ ಸಿಕ್ಕಿಸಿ, ಬೂಟುಗಾಲಿನಿಂದಲೇ ಪೆಡಲು ಒತ್ತಿದರು. ಹೊತ್ತು ಏರಿತ್ತು, ಶೆಡ್ಡಿನ ತಗಡು ಕಾದಿತ್ತು. ಗ್ರೈಂಡರು ಸರಾಗವಾಗಿ ತಿರುಗಿತು. “ನೋಡಿ ಅಕ್ಕ, ಇಷ್ಟೇ ಆಗಿದ್ದಿದ್ದು” ಎಂದು ಅವರು ನಿರಾಳವಾಗಿ ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಹೊರಟರು. ನಾವೂ ಸಂತೋಷಪಟ್ಟೆವು.

ಮರುದಿನ ಬೆಳಕು ಹರಿಯುತ್ತಿದ್ದಾಗ ನಾನು ಬಾವಿಕಟ್ಟೆಯ ಹತ್ತಿರ ನೆನೆದ ಉದ್ದು ತೊಳೆಯುತ್ತಿದ್ದೆ. ಅತ್ತೆ ಶೆಡ್ಡಿನ ನೆಲಕ್ಕೆ ನೀರು ಹೊಡೆದು, ಗ್ರೈಂಡರಿಗೆ ಕಾಳು ಸುರಿದು, ಎಂದಿನಂತೆ ಬಲಗಾಲನ್ನು ಪೆಡಲಿನ ಮೇಲಿಟ್ಟರು. ಕೂಗು ಕೇಳಿಸಲಿಲ್ಲ. ಕೂಗಲು ಅವರಿಗೆ ಆಗಲಿಲ್ಲವೆಂದು ಆಮೇಲೆ ತಿಳಿಯಿತು. ಹಿತ್ತಾಳೆ ಕೊಳಗ ಉರುಳಿದ ಸದ್ದಿಗೆ ಓಡಿಹೋದರೆ ಅತ್ತೆ ಗೋಡೆಯ ಬುಡದಲ್ಲಿ ಬಿದ್ದಿದ್ದರು. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಬಲಗೈ ಮೈಯಡಿ ಸಿಕ್ಕಿತ್ತು. ನಾನು ಮೇನ್ ಸ್ವಿಚ್ಚು ಕೆಡವಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕರೆದೆ. ಸೊಸೆ ಅತ್ತೆಯ ಹೆಸರು ಹಿಡಿದು ಕರೆಯಬಾರದು. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೊಂದೇ. ಸ್ವಲ್ಪ ಹೊತ್ತಿನ ಮೇಲೆ ಅವರ ತುಟಿ ಅಲುಗಿತು.

“ಯಾರೋ ಕಾಲ್ನ ಇಡ್ಕೊಂಡು ಎಳ್ದಂಗಾಯ್ತು ಕಣಮ್ಮಿ. ಬಿಡಿಸ್ಕೊಳಾಕೆ ಆಗ್ಲಿಲ್ಲ.”

ಕಾಲು ತಾನಾಗಿ ಸೆಟೆದು ಪೆಡಲಿನಿಂದ ಕಿತ್ತುಕೊಂಡಿದ್ದರಿಂದ ಜೀವ ಉಳಿಯಿತೆಂದು ಆಸ್ಪತ್ರೆಯಲ್ಲಿ ಹೇಳಿದರು. ಅಂಗಾಲಿನಲ್ಲಿ ಸುಟ್ಟ ಕಲೆಯಿತ್ತು, ಮಣಿಕಟ್ಟಿನ ಮೂಳೆ ಮುರಿದಿತ್ತು.

ಆಸ್ಪತ್ರೆಯ ವರಾಂಡದಿಂದ ನಾನು ಮಾಡಿದ ಕರೆಗೆ ಅದೃಷ್ಟವಶಾತ್ ವೀಣೆಯ ಬದಲು ತಾವೇ ಸಿಕ್ಕಿದಿರಿ. ನಡೆದದ್ದನ್ನೆಲ್ಲ ಹೇಳಿದೆ. ತಾವು ಸಮಾಧಾನದಿಂದ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದಿರಿ: “ಒದ್ದೆ ಕಾಲಲ್ಲಿ ಯಾರಾದ್ರೂ ಕರೆಂಟಿನ ಸಾಮಾನು ಮುಟ್ತಾರೇನಮ್ಮ?” ಮಾನ್ಯರೇ, ನೀರಿಲ್ಲದೆ ಉದ್ದು ರುಬ್ಬುವ ವಿಧಾನ ತಮಗೆ ತಿಳಿದಿದ್ದರೆ, ಒಣ ಹಿಟ್ಟಿನಿಂದ ಏಳುವ ದೋಸೆಯ ರಹಸ್ಯ ತಮ್ಮ ಮನೆತನದಲ್ಲಿ ಗುಪ್ತವಾಗಿ ಬಂದಿದ್ದರೆ, ಅದನ್ನು ಲೋಕಕ್ಕೆ ಬಿಟ್ಟುಕೊಡಬೇಕೆಂದು ಸಮಸ್ತ ರುಬ್ಬುವವರ ಪರವಾಗಿ ಕೈಮುಗಿದು ಬೇಡುತ್ತೇನೆ. ತಾವು ಮುಂದುವರಿಸಿ, ಪೆಡಲಿನಲ್ಲಿರುವುದು ಐದೇ ವೋಲ್ಟು, ಅದರಿಂದ ಇರುವೆಯೂ ಸಾಯುವುದಿಲ್ಲ, ವಯಸ್ಸಾದವರಿಗೆ ತಲೆ ಸುತ್ತಿರಬೇಕು ಎಂದಿರಿ. ಐದು ಅಂದರೆ ಐದೇ ಅಲ್ಲವೇ ಎಂದು ನಾನೂ ಅಂದುಕೊಂಡೆ.

ಅತ್ತೆ ಅಂದುಕೊಳ್ಳಲಿಲ್ಲ. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬಂದವರು ಮಂಚದ ಮೇಲೆ ಕೂತು ಯೋಚಿಸಿದರು. ತಲೆ ಸುತ್ತಿದವರಿಗೆ ಅಂಗಾಲು ಯಾಕೆ ಸುಡುತ್ತದೆ? ಇಷ್ಟು ದಿನ ಒತ್ತಿದ ಪೆಡಲು ಆವತ್ತೇ ಯಾಕೆ ಕಚ್ಚಿತು? ಹಿಂದಿನ ದಿನ ಬದಲಾದದ್ದು ಒಂದೇ, ಆ ಪ್ಲಗ್ಗು. ನಾನು ಪೀಣ್ಯಕ್ಕೆ ಹೋಗಿ ಬರುತ್ತೇನೆಂದಾಗ ಅವರು ಬೇಡವೆಂದು, ಕಚ್ಚಿಸಿಕೊಂಡವಳು ನಾನು, ನಾನೇ ಕೇಳುತ್ತೇನೆ ಎಂದರು. ಹಾಗೆ ಅತ್ತೆ, ನಾನು, ಚೀಲದೊಳಗೆ ರುಬ್ಬುಸಖಿ, ಮೂವರೂ ಎರಡು ಬಸ್ಸು ಬದಲಿಸಿ, ಇಡೀ ಊರು ದಾಟಿ ತಮ್ಮಲ್ಲಿಗೆ ಬಂದೆವು.

ಅವತ್ತು ತಮ್ಮ ಮಳಿಗೆಯಲ್ಲಿ ಸಂಭ್ರಮ. ಬೇರೆ ಬೇರೆ ಊರುಗಳ ಅಂಗಡಿಯವರನ್ನು ಕರೆಸಿ, ಹೂವಿನ ಹಾರ ಹಾಕಿದ ಮೇಜಿನ ಮೇಲೆ ರುಬ್ಬುಸಖಿಯ ಗುಣಗಾನ ನಡೆಸಿದ್ದಿರಿ. ಅತ್ತೆ ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ಕೂತರು. ತಾವು ಬೂಟು ಕಳಚುವ ಕಾರ್ಯಕ್ರಮಕ್ಕೆ ಬಂದು, ನೀರು ಸುರಿದು, ಸಭೆಯ ಕಡೆ ತಿರುಗಿ, ಯಾರಿಗಾದರೂ ಅನುಮಾನ ಇದೆಯೇ ಎಂದು ಕೇಳಿದಿರಿ. ಅತ್ತೆ ಎದ್ದು ನಿಂತರು. ಅವರ ಮಾತಿನಲ್ಲಿ ಕೋಪವಿರಲಿಲ್ಲವೆಂಬುದಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿ.

“ಅನ್ಮಾನ ಏನಿಲ್ಲ ಸ್ವಾಮಿ. ಆ ಪ್ಲಗ್ನ ಒಂದ್ಸಲ ತಿರುಗ್ಸಿ ಆಕ್ಬುಟ್ಟು ಕಾಲಿಡಿ. ಅಷ್ಟೇ.”

ಅಂಗಡಿಯವರು ನಕ್ಕರು. ತಾವೂ ನಕ್ಕಿರಿ. ಆದರೆ ನಕ್ಕ ಮೇಲೆ ತಾವು ಮಾರಾಟದ ಹುಡುಗಿಯ ಕಡೆ ನೋಡಿದ ನೋಟವನ್ನು ನಾನು ಗಮನಿಸಿದೆ. ಆಕೆ ಕೈಯಲ್ಲಿ ಪ್ಲಗ್ಗು ಹಿಡಿದು, ಅದರ ಮೇಲಿದ್ದ ಒಂದು ಸಣ್ಣ ಕೆಂಪು ಚುಕ್ಕೆಯನ್ನು ನೋಡುತ್ತ, ತಿರುಗಿಸಲೋ ಬೇಡವೋ ಎಂದು ನಿಂತಿದ್ದಳು. ಸಭೆಯ ಮುಂದೆ ತಾವು ಬೇಡವೆನ್ನುವ ಹಾಗಿರಲಿಲ್ಲ. ಹಾಕಮ್ಮಾ ಎಂದಿರಿ. ಚುಕ್ಕೆ ಕೆಳಗಾಯಿತು. ತಾವು ಕಾಲುಚೀಲವನ್ನು ಎಳೆದದ್ದು, ಅದನ್ನು ಮಡಿಸಿ ಬೂಟಿನೊಳಗೆ ಇಟ್ಟದ್ದು, ಪ್ಯಾಂಟಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದ್ದು, ಇವನ್ನೆಲ್ಲ ತಾವು ಅಷ್ಟು ಕಲಾತ್ಮಕವಾಗಿ, ಅಷ್ಟು ವಿಳಂಬಗತಿಯಲ್ಲಿ ಮಾಡಿದಿರಿ. ಕೊನೆಗೆ ಬಲಗಾಲು ನೆಲ ಬಿಟ್ಟು ಮೇಲೆದ್ದಿತು.

ಆಗ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಒಬ್ಬರು ನೇರವಾಗಿ ನಡೆದು ಬಂದು, ಮಾರಾಟದ ಹುಡುಗಿಯನ್ನು ದಾಟಿ, ಗೋಡೆಯಿಂದ ಪ್ಲಗ್ಗನ್ನು ಕಿತ್ತರು.

“ಸಾರ್, ಕಾಲಿಡ್ಬೇಡಿ. ಹೀಗೆ ಹಾಕಿದ್ರೆ ಪೆಡಲು ಪೂರ್ತಿ ಲೈವ್ ಇರುತ್ತೆ. ನಾನು ಮೊದ್ಲೇ ಹೇಳಿದ್ದೆ.”

ಅವರು ಭಾನುಪ್ರಕಾಶ್, ಅದೇ ಪೆಟ್ಟಿಗೆಯನ್ನು ತಮ್ಮಲ್ಲಿ ವಿನ್ಯಾಸ ಮಾಡಿದ ಎಂಜಿನಿಯರು. ತಾವು ಕೂಡಲೇ ಸಭೆಗೆ, ಇವನು ಹೊಸಬ, ಇವನಿಗೇನೂ ಗೊತ್ತಿಲ್ಲ ಎಂದಿರಿ. ಆದರೆ ಎತ್ತಿದ ಕಾಲನ್ನು ಪೆಡಲಿನ ಮೇಲಿಡದೆ, ಆಚೆಗಿದ್ದ ಒಣ ಚಾಪೆಯ ಮೇಲಿಟ್ಟಿರಿ. ತಮ್ಮ ಬಾಯಿ ಅವರನ್ನು ನಂಬಲಿಲ್ಲ, ಕಾಲು ನಂಬಿತು. ಒಂದೇ ಶರೀರದಲ್ಲಿ ಇಷ್ಟು ವಿಭಿನ್ನ ಅಭಿಪ್ರಾಯಗಳಿಗೆ ಅವಕಾಶ ಕೊಟ್ಟಿರುವ ತಮ್ಮ ಔದಾರ್ಯವನ್ನು ನಾನು ಎಲ್ಲರೆದುರು ಕೊಂಡಾಡುತ್ತೇನೆ.

ಭಾನುಪ್ರಕಾಶ್ ವಾದ ಮಾಡಲಿಲ್ಲ. ಜೇಬಿನಿಂದ ಟೆಸ್ಟರು ತೆಗೆದು, ಪ್ಲಗ್ಗನ್ನು ಚುಕ್ಕೆ ಕೆಳಗಾಗಿ ಸಿಕ್ಕಿಸಿ, ಟೆಸ್ಟರಿನ ತುದಿಯನ್ನು ಪೆಡಲಿಗೆ ತಾಗಿಸಿದರು. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ಪ್ಲಗ್ಗು ತಿರುಗಿಸಿ ಚುಕ್ಕೆ ಮೇಲೆ ಮಾಡಿದರು. ದೀಪ ಹತ್ತಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಹತ್ತಿತು. ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು ಹತ್ತಿರ ಬಂದು ಬಗ್ಗಿ ನೋಡಿದರು. ಯಾರೂ ಮುಟ್ಟಲಿಲ್ಲ. ಅತ್ತೆ ಮಾತ್ರ ಹಿಂದಿನ ಸಾಲು ಬಿಟ್ಟು ಬರಲಿಲ್ಲ. ಅವರಿಗೆ ನೋಡಬೇಕಾದ ಅಗತ್ಯವಿರಲಿಲ್ಲ.

ಆ ವಾರ ಮುಗಿಯುವ ಮೊದಲೇ ತಾವು ಭಾನುಪ್ರಕಾಶರನ್ನು ಕೆಲಸದಿಂದ ಬಿಡಿಸಿದಿರಿ. ತಮ್ಮ ಪ್ರಾಣ ಉಳಿಸಿದವರನ್ನು ಕೆಲಸದ ಜಂಜಾಟದಿಂದ ಮುಕ್ತಗೊಳಿಸುವ ಕೃತಜ್ಞತೆ ಎಲ್ಲರಿಗೂ ಬರುವುದಿಲ್ಲ. ಅದರ ಲಾಭ ನಮಗಾಯಿತು: ಬಿಡುವಾದ ಅವರು ಜಾಲಹಳ್ಳಿಯಲ್ಲಿರುವ ಮನೆಯಿಂದ ಅತ್ತೆಯನ್ನು ನೋಡಲೆಂದು ಚಂದಾಪುರಕ್ಕೆ ಬಂದರು. ಶೆಡ್ಡಿನ ಹೊಸಿಲಲ್ಲಿ ಚಪ್ಪಲಿ ಬಿಟ್ಟು ಕೂತು, ಎಲ್ಲವನ್ನೂ ಹೇಳಿದರು. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ತಮಗೆ ನಿವೇದಿಸುತ್ತೇನೆ. ತಮಗೆ ಅವರು ಹೇಳಿದಾಗ ಕಂಪನಿಯ ಸಭೆಯಲ್ಲಿ ಬೇರೆ ಗಹನವಾದ ವಿಷಯಗಳಿದ್ದು ಕಿವಿಗೆ ಬೀಳದೆ ಹೋಗಿರಬಹುದು.

ಟ್ರಯಾಕಿಗೆ ಬಾಗಿಲು ತೆರೆಯಲು ಒಂದು ಸಣ್ಣ ತಟ್ಟು ಬೇಕು. ಆ ತಟ್ಟು ಕೊಡಲು ಐದು ವೋಲ್ಟಿನ ಒಂದು ಪುಟ್ಟ ಸರಬರಾಜು ಬೇಕು. ಅದನ್ನು ಮನೆಯ ಕರೆಂಟಿನಿಂದ ಬೇರೆ ಮಾಡಿ ತೆಗೆಯಬೇಕಾದರೆ ನಡುವೆ ಟ್ರಾನ್ಸ್‌ಫಾರ್ಮರು ಇಡಬೇಕು. ತಮ್ಮಲ್ಲಿ ಅದರ ಖರ್ಚು ಉಳಿಸಲು ಅದನ್ನು ಬಿಟ್ಟು, ಮನೆಯ ಕರೆಂಟಿನ ತಂತಿಯಿಂದಲೇ ನೇರವಾಗಿ ಐದು ವೋಲ್ಟನ್ನು ಕಡೆದು ತೆಗೆದರು. ಇದು ಲೋಕದಲ್ಲಿ ಎಲ್ಲರೂ ಮಾಡುವುದೇ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಯಾರ ಕೈಗೂ ಸಿಗದಂತೆ ಇದ್ದರೆ ತಪ್ಪೇನಿಲ್ಲ ಎಂದರು ಭಾನುಪ್ರಕಾಶ್. ಆದರೆ ಆ ಐದು ವೋಲ್ಟು ನೆಲದಿಂದ ಎಣಿಸಿದ ಐದಲ್ಲ. ಐದನೇ ಮಹಡಿಯ ತಾರಸಿಯ ಅಂಚಿನಲ್ಲಿ ಮಣೆ ಹಾಕಿ ಕೂತವನು ತಾನು ಕೂತಿರುವುದು ಗೇಣೆತ್ತರದಲ್ಲಿ ಎಂದರೆ ಸುಳ್ಳೇನಲ್ಲ. ಬಿದ್ದಾಗ ಮಾತ್ರ ಲೆಕ್ಕ ಬೇರೆ. ಪ್ಲಗ್ಗು ಒಂದು ಕಡೆಯಿಂದ ಹೊಕ್ಕರೆ ಮಣೆ ನೆಲದ ಮೇಲಿರುತ್ತದೆ, ತಿರುಗಿ ಹೊಕ್ಕರೆ ತಾರಸಿಯ ಮೇಲೆ. ಇಂಥ ತಂತಿಯನ್ನು ಪೆಟ್ಟಿಗೆಯಿಂದ ಹೊರಗೆ ತಂದು, ಲೋಹದ ಪೆಡಲಿನ ಮೈಗೇ ಜೋಡಿಸಿ, ಬರಿಗಾಲಿನ ಹೆಂಗಸರ ಪಾದದಡಿ ಇಡುವುದು ಬೇಡವೆಂದು ಅವರು ಎರಡು ಸಲ ಹೇಳಿದ್ದರಂತೆ. ಮಾರಾಟದ ಹುಡುಗಿಯೊಬ್ಬಳಿಗೆ ಪೆಡಲು ಚುರ್ರೆಂದ ಮೇಲೆ ತಾವು ಒಂದು ಪರಿಹಾರವನ್ನು ಸೂಚಿಸಿದಿರಂತೆ: ಪ್ರದರ್ಶನದ ಪ್ಲಗ್ಗಿಗೆ ಒಂದು ಕೆಂಪು ಚುಕ್ಕೆ. ಗ್ರಾಹಕರ ಪ್ಲಗ್ಗುಗಳಿಗೆ ಚುಕ್ಕೆ ಇಟ್ಟರೆ ಅನುಮಾನ ಬರುತ್ತದೆಂದು ಅವನ್ನು ಬೋಳು ಹಣೆಯಲ್ಲೇ ಕಳಿಸಿದಿರಂತೆ.

ಇನ್ನು ಚಳಿಯಲ್ಲಿ ಗುರುಗುಟ್ಟಿದ ವಿಚಾರ. ಕರೆಂಟು ಎರಡು ಕಡೆಗೂ ಹರಿಯುವಾಗ ಟ್ರಯಾಕು ಎರಡು ಸಲವೂ ಬಾಗಿಲು ತೆರೆಯಬೇಕು. ತಮ್ಮ ಪೆಟ್ಟಿಗೆ ಕೊಡುವ ತಟ್ಟು ಮಾತ್ರ ಯಾವಾಗಲೂ ಧನದ, ಅಂದರೆ ಪ್ಲಸ್ಸಿನ, ಕಡೆಯಿಂದಲೇ. ಕರೆಂಟು ಋಣದ ಕಡೆಗೆ ತಿರುಗಿದಾಗ ಆ ತಟ್ಟು ಟ್ರಯಾಕಿಗೆ ಸರಿಯಾಗಿ ಕೇಳಿಸುವುದಿಲ್ಲ. ಒಂದು ಕಿವಿ ಮಂದವಾದ ಕಾವಲುಗಾರನ ಹಾಗೆ. ಬೆಚ್ಚಗಿದ್ದರೆ ಹೇಗೋ ಕೇಳಿಸಿಕೊಳ್ಳುತ್ತಾನೆ, ಚಳಿಯಲ್ಲಿ ಏಳುವುದೇ ಇಲ್ಲ. ಮೋಟಾರಿಗೆ ಅರ್ಧ ಕರೆಂಟು ಹೋಗಿ, ಅದು ತಿರುಗಲಾರದೆ ಕುದಿಯುತ್ತದೆ. ಕಾವಲುಗಾರರನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಪ್ಲಗ್ಗು ತಿರುಗಿಸಿದರಂತೂ ಇಲ್ಲವೇ ಇಲ್ಲ. ಸರಬರಾಜನ್ನೇ ಉಲ್ಟಾ ಕಟ್ಟಿ ಋಣದ ತಟ್ಟು ಕೊಟ್ಟರೆ ಟ್ರಯಾಕು ಎರಡು ಕಡೆಯೂ ಚೆನ್ನಾಗಿ ಕೇಳಿಸಿಕೊಳ್ಳುತ್ತದಂತೆ. ಇದನ್ನು ಭಾನುಪ್ರಕಾಶ್ ಕಂಡುಹಿಡಿದು ಹೇಳುವ ಹೊತ್ತಿಗೆ ತಮ್ಮಲ್ಲಿ ಪೆಟ್ಟಿಗೆಯೊಳಗಿನ ಬೋರ್ಡುಗಳೆಲ್ಲ ಅಚ್ಚಾಗಿ ರಾಶಿ ಬಿದ್ದಿದ್ದವು. ಹೀಗೆ ಮಂದ ಕಿವಿಯ ದೋಷ ಮುಚ್ಚಲು ಪ್ಲಗ್ಗು ತಿರುಗಿಸಿ, ಪ್ಲಗ್ಗು ತಿರುಗಿಸಿ ಪೆಡಲಿಗೆ ಕರೆಂಟು ತಂದು, ಎರಡು ಪ್ರತ್ಯೇಕ ತಪ್ಪುಗಳನ್ನು ಒಂದೇ ದಾರದಲ್ಲಿ ಪೋಣಿಸಿ ನನ್ನ ಅತ್ತೆಯ ಕಾಲಿಗೆ ಕಟ್ಟಿದ ತಮ್ಮ ಸಂಸ್ಥೆಯ ಕೌಶಲಕ್ಕೆ ನಾನು ಏನೆನ್ನಲಿ!

ಭಾನುಪ್ರಕಾಶ್ ಹೊರಡುವಾಗ ಅತ್ತೆಯ ಮುಂದೆ ಕೈಮುಗಿದು, ತಾನು ಇನ್ನೂ ಜೋರಾಗಿ ಹೇಳಬೇಕಿತ್ತು ಎಂದರು. ಅತ್ತೆ ಅವರನ್ನು ಬೈಯಲೂ ಇಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ. “ಈಗ ಏಳ್ದಲ್ಲಪ್ಪ” ಎಂದು, ಎಡಗೈಯಲ್ಲೇ ಒಂದು ಡಬ್ಬಿ ಹಿಟ್ಟು ತುಂಬಿ ಕೊಟ್ಟು ಕಳಿಸಿದರು.

ಭಾನುಪ್ರಕಾಶ್ ಸುಮ್ಮನೆ ಕೂರಲಿಲ್ಲ. ಪೆಟ್ಟಿಗೆ ಕೊಂಡವರಲ್ಲಿ ಪರಿಚಯವಿದ್ದವರನ್ನೆಲ್ಲ ಹುಡುಕಿಕೊಂಡು ಹೋದರು. ಕಾಡುಗೋಡಿಯ ಒಂದು ತಿಂಡಿ ಹೋಟೆಲಿನಲ್ಲಿ ಪೆಡಲು ಒದ್ದೆ ಗೋಣಿಚೀಲದ ಮೇಲೆ ಕೂತಿತ್ತಂತೆ. ಟೆಸ್ಟರು ತಾಗಿಸಿದಾಗ ದೀಪ ಹತ್ತಿತಂತೆ. ಹೋಟೆಲಿನ ಯಜಮಾನರು ಎರಡು ವಾರದಿಂದ ಅಡುಗೆಯವನು ಕಾಲು ಜುಮ್ಮೆನ್ನುತ್ತದೆ ಅನ್ನುತ್ತಿದ್ದುದನ್ನು ಸೋಮಾರಿತನವೆಂದು ತಿಳಿದಿದ್ದರಂತೆ. ಅವನಿಗೆ ರಬ್ಬರಿನ ಚಪ್ಪಲಿ ಇತ್ತು. ಅವನಿಗೂ ನನ್ನ ಅತ್ತೆಗೂ ಇದ್ದ ವ್ಯತ್ಯಾಸ ಒಂದು ಜೊತೆ ಚಪ್ಪಲಿ.

ಈ ಮಧ್ಯೆ ತಮ್ಮ ಕಂಪನಿಯಿಂದ ನಮಗೆ ಒಂದು ಸ್ಟಿಕ್ಕರು ಬಂತು, ಪೆಟ್ಟಿಗೆಯ ಮೇಲೆ ಅಂಟಿಸಿಕೊಳ್ಳಲು: ‘ಒಣಗಿದ ಪಾದಗಳಿಂದ ಮಾತ್ರ ಬಳಸಿ’. ಅದರ ಹಿಂದೆಯೇ ತಮ್ಮ ಪ್ರತಿನಿಧಿಯೊಬ್ಬರು ಹಣ್ಣಿನ ಬುಟ್ಟಿ ಹಿಡಿದು ಬಂದು, ಹಳೆಯ ಪೆಟ್ಟಿಗೆ ವಾಪಸು ಕೊಟ್ಟು, ಯಾವ ದೂರೂ ಇಲ್ಲವೆಂದು ಬರೆದುಕೊಟ್ಟರೆ ಹೊಚ್ಚಹೊಸ ‘ರುಬ್ಬುಸಖಿ ಗೋಲ್ಡ್’ ಉಚಿತವೆಂದು ತಿಳಿಸಿ, ಅದನ್ನು ಬುಟ್ಟಿಯ ಪಕ್ಕದಲ್ಲೇ ಇಟ್ಟು ಹೋದರು. ಹಣ್ಣುಗಳು ಚೆನ್ನಾಗಿದ್ದವು. ಹಳೆಯ ಪೆಟ್ಟಿಗೆಯನ್ನು ಹಿಂದಿರುಗಿಸಲಾಗದ್ದಕ್ಕೆ ವಿಷಾದಿಸುತ್ತೇನೆ. ಅದನ್ನು ನಾವು ಆಗಲೇ ವಿದ್ಯುತ್ ಪರಿವೀಕ್ಷಕರ ಕಚೇರಿಗೆ ಒಪ್ಪಿಸಿ, ಭಾನುಪ್ರಕಾಶರ ಹೇಳಿಕೆಯನ್ನೂ ಅಲ್ಲೇ ಕೊಡಿಸಿದ್ದೇವೆ. ತಮಗೂ ಅಲ್ಲಿಂದ ಕರೆ ಬರುತ್ತದೆ. ಅಲ್ಲಿ ವೀಣೆ ಇರುವುದಿಲ್ಲ.

ಅತ್ತೆಯ ಮೂಳೆ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗೆ. ಗ್ರೈಂಡರಿನ ಪಾತ್ರೆ ಬಗ್ಗಿಸಲು ಆ ಕೈಗೆ ಬಲ ಸಾಲದು. ಅದನ್ನೀಗ ನಾನು ಮಾಡುತ್ತೇನೆ. ಆದರೆ ನನ್ನ ಬೆರಳಿಗೆ ಅವರ ಹದ ಸಿಕ್ಕಿಲ್ಲ, ದೋಸೆ ಮೊದಲಿನ ಹಾಗಿಲ್ಲವೆಂದು ಅಪಾರ್ಟ್‌ಮೆಂಟಿನವರು ಮೆಲ್ಲಗೆ ಹೇಳತೊಡಗಿದ್ದಾರೆ. ಅತ್ತೆ ಶೆಡ್ಡಿನ ಹೊರಗೆ ಕುರ್ಚಿ ಹಾಕಿ ಕೂತು, ಯಂತ್ರದ ಸದ್ದು ಕೇಳಿಯೇ ಸಾಕು, ನಿಲ್ಲಿಸು ಎನ್ನುತ್ತಾರೆ, ಒಳಗೆ ಬರುವುದಿಲ್ಲ. ಈಗೀಗ ಅವರು ಯಾವುದನ್ನೇ ಮುಟ್ಟುವ ಮೊದಲು ಬೆರಳಿನ ಹಿಂಭಾಗದಿಂದ ಸೋಕಿಸಿ ನೋಡುತ್ತಾರೆ, ನಲ್ಲಿಯನ್ನು, ಗೇಟನ್ನು, ಸ್ಟೀಲು ಲೋಟವನ್ನು. ಮೊನ್ನೆ ಕೊಟ್ಟಿಗೆಯಲ್ಲಿ ಕರುವಿನ ಹಣೆಯನ್ನೂ ಹಾಗೇ ಸೋಕಿಸಿ ನೋಡಿ, ಆಮೇಲೆ ಸವರಿದರು. ನಾನು ನೋಡುತ್ತಿದ್ದೇನೆಂದು ತಿಳಿದು ನಕ್ಕರು. ನನಗೆ ನಗು ಬರಲಿಲ್ಲ.

ಆದ್ದರಿಂದ ಮಾನ್ಯರೇ, ಜಲಪಾತದ ಮನವಿಯನ್ನೂ, ಚಳಿಯ ವರ್ಗಾವಣೆಯನ್ನೂ, ಒಣದೋಸೆಯ ರಹಸ್ಯವನ್ನೂ ತಾವು ಪಕ್ಕಕ್ಕಿಟ್ಟರೂ ಬೇಸರವಿಲ್ಲ. ಒಂದನ್ನು ಮಾತ್ರ ನಡೆಸಿಕೊಡಿ, ಅದು ಅಸಾಧ್ಯವಾದುದಲ್ಲ. ಎಲ್ಲೆಲ್ಲಿ ತಮ್ಮ ಪೆಟ್ಟಿಗೆ ಹೋಗಿದೆಯೋ ಅಲ್ಲಲ್ಲಿಂದ ಅದನ್ನು ವಾಪಸು ತರಿಸಿ. ಇವತ್ತು ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಪ್ಲಗ್ಗುಗಳು ಅದೃಷ್ಟದಿಂದ ನೆಟ್ಟಗೆ ಕೂತಿವೆಯೋ ತಮಗೂ ತಿಳಿಯದು, ನಮಗೂ ತಿಳಿಯದು. ನೆಲ ಒರೆಸುವಾಗ ಯಾರೋ ಒಬ್ಬಾಕೆ ಅದನ್ನು ಕೀಳುತ್ತಾಳೆ. ಮತ್ತೆ ಸಿಕ್ಕಿಸುವಾಗ ಅವಳು ಯೋಚಿಸುವುದಿಲ್ಲ. ಯೋಚಿಸಬೇಕಾದವರು ಅವಳಲ್ಲ.

ತಮ್ಮ ಮಾತನ್ನು ಒಂದು ಮಳೆಗಾಲವಿಡೀ ನಂಬಿದ್ದ ಕಾರಣಕ್ಕೆ ಈಗಲೂ ಹಾಗೆ ಕರೆದುಕೊಳ್ಳಲು ಹಕ್ಕುಳ್ಳ,

ತಮ್ಮ ವಿಶ್ವಾಸಿ,
ಲಾವಣ್ಯ
ಚಂದಾಪುರ, ಮಾರ್ಚ್ ೨೦೧೪

ಮರೆತ ಮಾತು: ತಾವು ಪ್ರೀತಿಯಿಂದ ಬಿಟ್ಟುಹೋದ ‘ಗೋಲ್ಡ್’ ಪೆಟ್ಟಿಗೆಯಲ್ಲಿ ಈ ಸಲ ಮೂರು ಕಡ್ಡಿಯ ಪ್ಲಗ್ಗು ಇರುವುದನ್ನು ಕಂಡು, ಭೂಮಿಗೆ ಹೋಗುವ ಮೂರನೆಯ ಕಡ್ಡಿ ಬಂತಲ್ಲ, ತಮಗೆ ಬುದ್ಧಿ ಬಂದಿತೆಂದು ನಾನು ಹಿಗ್ಗಿದ್ದು ನಿಜ. ಭಾನುಪ್ರಕಾಶ್ ಬಿಚ್ಚಿ ನೋಡಿದರು. ಆ ಮೂರನೆಯ ಕಡ್ಡಿ ಒಳಗೆ ಯಾವುದಕ್ಕೂ ಸೇರಿಲ್ಲ. ಬರೀ ಶೋಭೆಗೆ ನಿಂತಿದೆ. ಇದನ್ನು ಏನು ಮಾಡೋಣವೆಂದು ಅತ್ತೆಯನ್ನು ಕೇಳಿದೆ. ಹಳೆಯದು ಪರಿವೀಕ್ಷಕರ ಕಚೇರಿಯಲ್ಲಿ ಒಂಟಿಯಾಗಿದೆ, ಇದನ್ನೂ ಅದರ ಪಕ್ಕದಲ್ಲೇ ಇಟ್ಟು ಬಾ ಎಂದರು. ನಿನ್ನೆ ಇಟ್ಟು ಬಂದೆ.